ಕೈ ಕೂಡಿತು, ಆಟ ಕೂಡಲಿಲ್ಲ

ತಾಲ್ಲೂಕಿನ ಮಕ್ಕಳ ಕೈಕಾಲುಗಳ ಹೊಣೆ ಹೊತ್ತಿರುವ ಮಾನ್ಯ ಕ್ರೀಡಾಧಿಕಾರಿಗಳೇ,

ನೀವು ನಮ್ಮ ಶಾಲೆಯ ಹೆಣ್ಣುಮಕ್ಕಳ ಖೋ ಖೋ ಆಟವನ್ನು ನಿಲ್ಲಿಸಿದ್ದೀರಿ. ಕಾರಣ, ನನ್ನ ಮಗಳು ಸೌಂದರ್ಯಳ ಕೈ ಮುರಿಯಿತು. ಕೈ ಮುರಿದಾಗ ನಾನು ಯಾರ ಮೇಲೂ ದೂರು ಕೊಡಲಿಲ್ಲ. ಆಟ ನಿಲ್ಲಿಸಿದ್ದಕ್ಕೆ ಈಗ ಕೊಡುತ್ತಿದ್ದೇನೆ. ಇಂಥ ವಿಚಿತ್ರ ತಾಯಿ ನಿಮ್ಮ ಕಚೇರಿಯ ಮೆಟ್ಟಿಲನ್ನು ಹಿಂದೆಂದೂ ಹತ್ತಿರಲಾರಳು.

ಹನಗೋಡು ಕಡೆಯ ಹಳ್ಳಿಯೊಂದರಲ್ಲಿ ಹಿಟ್ಟಿನ ಗಿರಣಿ ನಡೆಸುವವಳು ನಾನು. ನಮ್ಮ ಯಜಮಾನರು ವೆಂಕಟೇಶ್ ಕೇರಳಕ್ಕೆ ಶುಂಠಿ ಲಾರಿ ಓಡಿಸುತ್ತಾರೆ. ಮನೆಗೆ ಬರುವುದು ನೆಂಟರ ಹಾಗೆ. ಮಗಳು ಎಂಟನೇ ತರಗತಿಗೆ ಕಾಲಿಟ್ಟವಳೇ ಯಾವುದಾದರೂ ಆಟಕ್ಕೆ ಸೇರಿಸು ಎಂದು ಹಟ ಹಿಡಿದಳು. ಮಕ್ಕಳ ಸುರಕ್ಷತೆಯ ಯೋಚನೆ ನಿಮಗೆ ಮಾತ್ರ ಬರುವುದೆಂದು ತಿಳಿಯಬೇಡಿ. ನಾನೂ ತೂಗಿ ನೋಡಿದೆ. ಕಬಡ್ಡಿ ಎಂದಳು, ನಾಲ್ಕು ಜನ ಮೇಲೆ ಬಿದ್ದರೆ ಪಕ್ಕೆಲುಬಿನ ಗತಿಯೇನು ಎಂದು ಬೇಡವೆಂದೆ. ಓಟ ಎಂದಳು, ಓಡುವುದಕ್ಕೆ ನಮ್ಮೂರಲ್ಲಿರುವುದು ರಸ್ತೆಯೊಂದೇ, ಅಲ್ಲಿ ಹೊಗೆಸೊಪ್ಪಿನ ಟ್ರ್ಯಾಕ್ಟರುಗಳು ಯಾರಿಗೂ ದಾರಿ ಬಿಡುವುದಿಲ್ಲ. ಖೋ ಖೋದಲ್ಲಿ ಯಾರೂ ಯಾರನ್ನೂ ಎಳೆದು ಕೆಡವುವುದಿಲ್ಲ. ಅಟ್ಟುತ್ತಾರೆ, ಮುಟ್ಟುತ್ತಾರೆ, ಅಷ್ಟೆ. ದೈಹಿಕ ಶಿಕ್ಷಕರ ಹುದ್ದೆ ಖಾಲಿಯಿದ್ದುದರಿಂದ ಆಟ ಆಡಿಸುತ್ತಿದ್ದವರು ವಿಜ್ಞಾನದ ಮೇಷ್ಟ್ರು ನಂಜುಂಡೇಶ್. ಅವರನ್ನೇ ಹೋಗಿ ಕೇಳಿದೆ.

“ಗಾಯವೇ ಆಗದ ಆಟ ಯಾವುದೂ ಇಲ್ಲಮ್ಮ. ಮೊಣಕಾಲು ತರಚುತ್ತೆ, ಪಾದ ಉಳುಕುತ್ತೆ. ಮೊದಲು ಮೈ ಬಿಸಿ ಮಾಡ್ಕೋಬೇಕು, ಬೀಳೋದು ಹೇಗೆ ಅಂತ ಕಲೀಬೇಕು, ನೆಲ ಮೆತ್ತಗಿರಬೇಕು. ಮೊದಲ ಎರಡು ನಾನು ನೋಡ್ಕೋತೀನಿ,” ಎಂದರು.

ಯಜಮಾನರು ಫೋನಿನಲ್ಲಿ, “ಚೆಸ್ ಆಡ್ಲಿ ಬುಡು. ಕೂತ್ಕಂಡು ಆಡೋ ಆಟ, ಏನೂ ಆಗಕಿಲ್ಲ,” ಎಂದರು.

“ಲಾರೀನೂ ಕೂತ್ಕಂಡೇ ಅಲ್ವಾ ಓಡ್ಸೋದು? ನೀವು ಘಾಟಿ ಇಳ್ಯೋವಾಗ ನಂಗೆ ನಿದ್ದೆ ಬತ್ತದಾ?” ಎಂದೆ. ನಕ್ಕರು. ಒಪ್ಪಿದರು.

ಮಗಳು ಎಷ್ಟು ಬದಲಾದಳು ಅಂದರೆ, ಗಿರಣಿಯ ಸದ್ದಿನಲ್ಲಿ ಯಾರೊಂದಿಗೂ ಮಾತಿಲ್ಲದೆ ಬೆಳೆದಿದ್ದ ಹುಡುಗಿಗೆ ತಂಡದ ತುಂಬ ಗೆಳತಿಯರಾದರು. ಸಂಜೆ ಗುಂಪು ಕಟ್ಟಿಕೊಂಡು ಬಂದು, ಗಿರಣಿಯ ಮೆಟ್ಟಿಲ ಮೇಲೆ ಕುಳಿತು ಕಡ್ಲೆಪುರಿ ತಿನ್ನುತ್ತಿದ್ದರು. ತಂಡದ ನಾಯಕಿ ಸಿಂಚನ ಅವಳ ಜಡೆ ಹೆಣೆಯುತ್ತಿದ್ದಳು. ತಾಲ್ಲೂಕು ಪಂದ್ಯ ಗೆದ್ದರು. ಜಿಲ್ಲಾ ಪಂದ್ಯಕ್ಕೆ ಮೈಸೂರಿಗೆ ಹೋಗಬೇಕಿತ್ತು. ಅಲ್ಲಿ ಚೆನ್ನಾಗಿ ಆಡಿದರೆ ಸಿಂಚನಳಿಗೆ ಕ್ರೀಡಾ ಹಾಸ್ಟೆಲಿನಲ್ಲಿ ಜಾಗ ಸಿಗಬಹುದೆಂದು ಮೇಷ್ಟ್ರು ಆಸೆ ಹುಟ್ಟಿಸಿದ್ದರು.

ಹೊರಡುವ ಮುಂಚಿನ ವಾರ, ಅಭ್ಯಾಸದಲ್ಲಿ, ಕಂಬದ ಹತ್ತಿರ ಎದುರಾಳಿಯನ್ನು ಮುಟ್ಟಲು ಸೌಂದರ್ಯ ಮುಂದಕ್ಕೆ ಹಾರಿದಳು. ಹಾರುವುದೂ ಬೀಳುವುದೂ ಅವಳಿಗೆ ಬರುತ್ತಿತ್ತು. ಬಿದ್ದ ಜಾಗದಲ್ಲಿ ಮಣ್ಣಿರಲಿಲ್ಲ, ದಪ್ಪ ಜಲ್ಲಿಯಿತ್ತು. ಚರಂಡಿ ಕೆಲಸದಲ್ಲಿ ಉಳಿದದ್ದನ್ನು ಗುತ್ತಿಗೆದಾರರು ನಮ್ಮ ಮಕ್ಕಳ ಅಂಗಳದಲ್ಲಿ ಹರಡಿ, ಮೇಲೆ ತೆಳ್ಳಗೆ ಮಣ್ಣು ಉದುರಿಸಿ ಹೋಗಿದ್ದರು. ಅವಳು ಬೀಳುವ ಮುಂಚೆಯೇ, ಒಂದು ಟ್ರ್ಯಾಕ್ಟರ್ ಕೆಮ್ಮಣ್ಣು ಕೊಡಿಸಿ ಎಂದು ಮೇಷ್ಟ್ರು ನಿಮ್ಮ ಕಚೇರಿಗೆ ಬಂದು ಬೇಡಿಕೊಂಡಿದ್ದು ನಿಮಗೆ ನೆನಪಿರಬೇಕು. ಅವಳ ಮುಂಗೈಯ ಎರಡೂ ಮೂಳೆ ಮುರಿದವು. ಹುಣಸೂರಿನ ಆಸ್ಪತ್ರೆಯಲ್ಲಿ ಕೈಗೆ ಪ್ಲಾಸ್ಟರ್ ಹಾಕುವಾಗ ಅವಳು ಡಾಕ್ಟರನ್ನು ಕೇಳಿದ್ದು ಒಂದೇ ಮಾತು: “ಮೈಸೂರಿಗೆ ಹೋಗಿ ಸುಮ್ನೆ ಕೂತ್ಕಂಡು ನೋಡ್ಬೋದಾ ಸಾ?”

ಕೇಳಿದ ಮಣ್ಣು ಬರಲಿಲ್ಲ. ಕೇಳದ ಸುತ್ತೋಲೆ ಬಂತು. ಮುಖ್ಯೋಪಾಧ್ಯಾಯರು ಪ್ರಾರ್ಥನೆಯ ಹೊತ್ತಿನಲ್ಲಿ ಅದನ್ನು ಓದಿದರು: ವಿದ್ಯಾರ್ಥಿನಿ ಸೌಂದರ್ಯಳಿಗೆ ಸಂಭವಿಸಿದ ಅನಾಹುತದ ಹಿನ್ನೆಲೆಯಲ್ಲಿ ಬಾಲಕಿಯರ ಹೊರಾಂಗಣ ಆಟಗಳನ್ನು ಮುಂದಿನ ಆದೇಶದವರೆಗೆ ನಿಲ್ಲಿಸಲಾಗಿದೆ, ಜಿಲ್ಲಾ ಪಂದ್ಯದಿಂದ ತಂಡವನ್ನು ಹಿಂಪಡೆಯಲಾಗಿದೆ. ಕೊರಳಿಗೆ ಕೈ ತೂಗುಹಾಕಿಕೊಂಡು ಸಾಲಿನಲ್ಲಿ ನಿಂತಿದ್ದ ನನ್ನ ಮಗಳ ಕಡೆ ಇಡೀ ಶಾಲೆ ತಿರುಗಿ ನೋಡಿತಂತೆ. ಗುತ್ತಿಗೆದಾರರ ಹೆಸರು ನಿಮ್ಮ ಸುತ್ತೋಲೆಯಲ್ಲಿರಲಿಲ್ಲ. ಜಲ್ಲಿಯ ಸುದ್ದಿಯೂ ಇರಲಿಲ್ಲ. ಹೆಸರಿದ್ದದ್ದು ಬಿದ್ದವಳದು ಮಾತ್ರ.

ಒಂದು ಮಾತು ಕೇಳುತ್ತೇನೆ. ಆನೆ ದಾಟುವ ಕಾಡಂಚಿನ ದಾರಿಯಲ್ಲಿ ನಮ್ಮ ಮಕ್ಕಳು ದಿನಾ ಶಾಲೆಗೆ ನಡೆದು ಬರುತ್ತಾರೆ. ಬಸ್ಸಿನ ಬಾಗಿಲಲ್ಲಿ ಜೋತುಬಿದ್ದು ಹುಣಸೂರಿಗೆ ಹೋಗುತ್ತಾರೆ. ಆಟ ನಿಂತ ಮೇಲೆ ಈ ಹುಡುಗಿಯರು ಸಂಜೆಯೆಲ್ಲ ಹಸಿ ಹೊಗೆಸೊಪ್ಪು ಪೋಣಿಸಿ, ತಲೆ ಸುತ್ತಿ, ವಾಂತಿ ಮಾಡಿಕೊಳ್ಳುತ್ತಾರೆ. ಇವುಗಳಲ್ಲಿ ಯಾವುದನ್ನು ನಿಲ್ಲಿಸಿದಿರಿ? ಹೆಣ್ಣುಮಗುವಿಗೆ ಓಡುವುದೊಂದೇ ಅಪಾಯವೇ? ಗಂಡುಮಕ್ಕಳು ಅದೇ ಜಲ್ಲಿಯ ಮೇಲೆ ಇವತ್ತಿಗೂ ಆಡುತ್ತಿದ್ದಾರಲ್ಲ, ಅವರ ಮೂಳೆ ಕಬ್ಬಿಣದ್ದೇ?

ಗೆಳತಿಯರು ಬರುವುದು ನಿಂತಿತು. ಯಾರೂ ಜಗಳವಾಡಲಿಲ್ಲ, ಆಡಿದ್ದರೆ ಚೆನ್ನಾಗಿರುತ್ತಿತ್ತು. ಗಿರಣಿಗೆ ಬರುವವರೂ ರಾಗಿ ಡಬ್ಬ ಇಟ್ಟು, ಸುಮ್ಮನೆ ಹೊರಗೆ ಹೋಗಿ ನಿಲ್ಲತೊಡಗಿದರು. ಬಾಯಿ ಬಿಟ್ಟವರು ಸಿಂಚನಳ ಅಜ್ಜಿ ಪುಟ್ಟತಾಯಮ್ಮ ಒಬ್ಬರೇ. “ನಿನ್ ಮಗ್ಳ ಕೈ ಕೂಡ್ಕತು ಕಣವ್ವ. ನಮ್ ಮಗೀನ ಆಟ ಕೂಡ್ಕತದಾ?” ಎಂದರು. ನಾನು ಹಿಟ್ಟು ತುಂಬಿಕೊಟ್ಟೆ.

ಅದೇ ವಾರ ನಿಮ್ಮ ಕಚೇರಿಗೆ ಬಂದೆ. ನೀವು ಕುಳಿತೇ ಹೇಳಿದಿರಿ: “ನಿಮ್ಮ ಮಗಳ ಒಳ್ಳೇದಕ್ಕೇ ಅಲ್ವೇನಮ್ಮ ಮಾಡಿದ್ದು? ನಾಳೆ ಇನ್ನೊಂದು ಮಗುಗೆ ಏನಾದ್ರೂ ಆದ್ರೆ ಯಾರು ಉತ್ತರ ಕೊಡ್ತಾರೆ?”

“ಮಣ್ಣು ಹಾಕ್ಸಿದ್ರೆ ಆಯ್ತಿತ್ತಲ್ಲ ಸಾ,” ಎಂದೆ.

ನೀವು ಶಾಲೆಗೊಂದು ಕೇರಂ ಬೋರ್ಡ್ ಕಳಿಸಿದಿರಿ. ಅದು ಹಾಳಾಗಬಾರದೆಂದು ಮುಖ್ಯೋಪಾಧ್ಯಾಯರು ಬೀರುವಿನ ಹಿಂದೆ ಇಟ್ಟು ಕೋಣೆಗೆ ಬೀಗ ಹಾಕಿದ್ದಾರೆ. ತೆಗೆದುಕೊಟ್ಟರೂ ನನ್ನ ಮಗಳ ಎದುರಿಗೆ ಕೂರಲು ಯಾರೂ ಇಲ್ಲ.

ಕಳೆದ ಭಾನುವಾರ ಗಿರಣಿ ಮುಚ್ಚಿ, ಹಾರೆ ಮತ್ತು ಬಾಂಡ್ಲಿ ತೆಗೆದುಕೊಂಡು ಶಾಲೆಯ ಅಂಗಳಕ್ಕೆ ಹೋದೆ. ಕಂಬದ ಸುತ್ತ ಅಗೆದು ಜಲ್ಲಿ ಆರಿಸತೊಡಗಿದೆ. ಸೌಂದರ್ಯ ಮೊದಲು ದೂರ ನಿಂತಿದ್ದಳು. ಆಮೇಲೆ ಬಂದು, ಕೂಡಿದ ಕೈಗೆ ಇನ್ನೂ ಬಲ ಬಂದಿಲ್ಲದ್ದರಿಂದ ಇನ್ನೊಂದು ಕೈಯಲ್ಲಿ ಆರಿಸಿದಳು. ಸಿಂಚನ ಕಾಂಪೌಂಡಿನ ಹೊರಗೆ ಬಂದು ನಿಂತದ್ದನ್ನು ಇಬ್ಬರೂ ನೋಡಿದೆವು. “ಬಾರವ್ವ,” ಎಂದೆ. ಅವಳು ತಲೆ ತಗ್ಗಿಸಿ ಹೋಗಿಬಿಟ್ಟಳು.

ಹೊತ್ತು ಇಳಿಯುವಾಗ ಒಂದಿಷ್ಟು ಜಾಗ ಮೆತ್ತಗಾಗಿತ್ತು. ಮಗಳು, “ಅವ್ವ, ಇಲ್ ಕೂತ್ಕ. ಅತ್ತಗೆ ಮೊಕ ಮಾಡ್ಕಂಡು,” ಎಂದಳು. ಮಂಡಿ ನೋವಿನಲ್ಲೇ ಕುಕ್ಕರುಗಾಲಲ್ಲಿ ಕೂತೆ. ಹಿಂದಿನಿಂದ ಅವಳು ಓಡಿ ಬರುವ ಸದ್ದು ಕೇಳಿಸಿತು. ಬೆನ್ನು ಮುಟ್ಟಿ, ಮೆಲ್ಲಗೆ, “ಖೋ” ಎಂದಳು. ನಾನು ಎದ್ದು ಓಡಬೇಕು. ಎದ್ದೆ. ಇಡೀ ಅಂಗಳದಲ್ಲಿ ಅಟ್ಟಿಕೊಂಡು ಹೋಗಲು ಯಾರೂ ಇರಲಿಲ್ಲ. ಅವಳ ಮುಖ ನೋಡುವ ಧೈರ್ಯ ನನಗಾಗಲಿಲ್ಲ, ಮಾನ್ಯರೇ.

ಆದ್ದರಿಂದ ಕೇಳುತ್ತಿದ್ದೇನೆ. ಸುತ್ತೋಲೆ ಹಿಂತೆಗೆದುಕೊಳ್ಳಿ. ಅಂಗಳಕ್ಕೆ ಮಣ್ಣು ಹಾಕಿಸಿ, ಆಡಿಸಲು ಒಬ್ಬ ದೈಹಿಕ ಶಿಕ್ಷಕರನ್ನು ಕಳಿಸಿ. ಒಂದು ದಿನ ನೀವೇ ಬಂದು, ಪ್ರಾರ್ಥನೆಯ ಸಾಲಿನ ಮುಂದೆ ನಿಂತು, ಆಟ ನಿಂತದ್ದು ಆ ಹುಡುಗಿಯಿಂದಲ್ಲ, ನಮ್ಮಿಂದ ಎಂದು ಹೇಳಿ. ಮಣ್ಣು ಬರುವುದು ತಡವಾದರೂ ಪರವಾಗಿಲ್ಲ. ಈ ಮಾತು ತಡವಾಗಬಾರದು.

ಇಂತಿ, ಇಷ್ಟನ್ನು ಬರೆದು ಕಾಯುತ್ತಿರುವ
ಸರ್ವಮಂಗಳ
(ಸದ್ಯಕ್ಕೆ ನಮ್ಮೂರ ಖೋ ಖೋ ತಂಡದಲ್ಲಿ ಉಳಿದಿರುವ ಇಬ್ಬರಲ್ಲಿ ದೊಡ್ಡವಳು)