ಹಡಗು ಬಿಟ್ಟುಹೋದ ಹೆಂಗಸು

ತುಲ್ಲಿಯೋ,

ನನ್ನ ಮಂಚದಲ್ಲಿ ಮಲಗಿರುವ ಮುದುಕಿಯನ್ನು ನೋಡಿ ಗಾಬರಿಯಾಗಬೇಡ. ಹೆಸರು ಮಾರಿಟ್, ನಿನ್ನೆ ನಾನು ಪೀಸಾ ತೋರಿಸಲು ಕರೆದೊಯ್ದಿದ್ದ ಹಡಗಿನ ಪ್ರವಾಸಿ. ವಾಲುಗೋಪುರದ ಎದುರು ಫೋಟೋಗೆ ನಿಂತಿದ್ದಾಗಲೇ ಅವರ ಗಂಡ ಕುಸಿದು ತೀರಿಕೊಂಡರು. ಹಡಗು ಕಾಯಲಿಲ್ಲ, ಇವರ ಪೆಟ್ಟಿಗೆಗಳ ಸಮೇತ ಸಂಜೆಯೇ ನೇಪಲ್ಸ್‌ಗೆ ಹೊರಟುಹೋಯಿತು.

ಒಲೆಯ ಮೇಲೆ ಸೂಪ್ ಇದೆ, ಬಿಸಿ ಮಾಡಿ ಕೊಡು. ಬೇಡವೆಂದರೆ ಸುಮ್ಮನೆ ಪಕ್ಕದಲ್ಲಿ ಕೂತಿರು.

ಬಂದರಿನ ಕಡೆಯ ಕಿಟಕಿ ತೆರೆಯಬೇಡ. ಬೆಳಿಗ್ಗೆ ಇನ್ಯಾವುದೋ ಹಡಗು ಕೂಗಿದ್ದಕ್ಕೆ ಬರಿಗಾಲಲ್ಲೇ ಮೆಟ್ಟಿಲಿಳಿದು ಓಡಿದರು.

"ಆಸ್ಪತ್ರೆಯವರು ಅವರ ಅಂಗಿ ಕತ್ತರಿಸಿಬಿಟ್ರು ಕಣಮ್ಮ, ಚಳಿಯಾಗುತ್ತೆ ಅವರಿಗೆ" ಅಂತ ಒಂದೇ ಸಮನೆ ಹೇಳುತ್ತಿದ್ದಾರೆ.

ಶವಾಗಾರಕ್ಕೆ ಹೊರಟಿದ್ದೇನೆ. ಅಪ್ಪನ ಕಪ್ಪು ಕೋಟು ಒಯ್ಯುತ್ತಿದ್ದೇನೆ. ಅದನ್ನು ನೀನು ಯಾರಿಗೂ ಮುಟ್ಟಗೊಡುವುದಿಲ್ಲ, ಗೊತ್ತು. ಬಂದಮೇಲೆ ಬೈಯುವೆಯಂತೆ.

ಅಕ್ಕ ಓರ್ನೆಲ್ಲಾ