ಭಾವನ ಕಾರಿನ ನಾಕು ಗಾಲಿ

ಚನ್ನಗಿರಿ
೧೩ ಜುಲೈ ೨೦೨೫, ಭಾನುವಾರ

ಲೀಲಕ್ಕಾ, ಶರಣು. ನಾನು ಬಸು. ಬೇಜಾರು ಮಾಡ್ಕೋಬೇಡ ಕಣಕ್ಕ, ಊರು ಮುಟ್ಟಿದ ಕೂಡ್ಲೆ ಹೇಳ್ತೀನಿ ಅಂದೋನು ಇಷ್ಟು ದಿನ ಬಾಯಿಗೆ ಬೀಗ ಹಾಕ್ಕೊಂಡಂಗೆ ಇದ್ದುಬಿಟ್ಟೆ. ಟೈಪ್ ಮಾಡಾಕೆ ಕನ್ನಡಕ ಬೇಕು, ಕನ್ನಡಕ ಎಲ್ಲಿಟ್ಟೆ ಅಂತ ಹುಡುಕಾಕೆ ಇನ್ನೊಂದು ಕನ್ನಡಕ ಬೇಕು. ಅದಕ್ಕೆ ಹಿಂಗೆ ಫೋನಿಗೆ ಮಾತಾಡೇ ಕಳಿಸ್ತೀನಿ. ಉದ್ದ ಆಗ್ತೈತೆ. ಒಲೆ ಸಣ್ಣ ಮಾಡಿ ಕೂತು ಕೇಳು.

ಅವ್ವ ಚೆನ್ನಾಗದಾಳೆ. ಬೆಳಗ್ಗೆ ಎಲ್ಲಾರಿಗಿಂತ ಮೊದಲು ಎದ್ದು ವಿಭೂತಿ ಹಚ್ಕೊಂಡು ಕಟ್ಟೆ ಮೇಲೆ ಕೂತಿರ್ತಾಳೆ. ನಮ್ಮ ಮನೆಯಾಕೆ ನಿರ್ಮಲ ನಿನ್ನ ಕೇಳ್ದೆ ಅಂತ ಹೇಳಾಕೆ ಹೇಳಿದಾಳೆ. ನಮ್ಮ ಮಗಳು ರೂಪಶ್ರೀ ಮಗ ಈಗ ಮಗುಚಿ ಬೀಳ್ತಾನೆ, ವಾಪಸ್ ತಿರುಗಾಕೆ ಬರಲ್ಲ, ಅತ್ತು ಎಲ್ಲಾರನ್ನೂ ಕರೀತಾನೆ. ನೀನಿನ್ನೂ ಅವನ ಮುಖಾನೇ ನೋಡಿಲ್ಲ. ಅವಳ ಸೀಮಂತಕ್ಕೆ ಬಂದು ಹೋದೋಳು ಆಮೇಲೆ ತವರಿನ ಕಡೆ ತಿರುಗಿ ನೋಡಿಲ್ಲ.

ನಂಗಂತೂ ಆಷಾಢ. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ. ಶಾಮಿಯಾನ ಸುತ್ತಿ ಅಟ್ಟಕ್ಕೆ ಹಾಕೀನಿ, ಬಾಡಿಗೆ ಪಾತ್ರೆ ಎಲ್ಲ ಬೋರಲು ಮಲಗಿದಾವೆ. ಕೆಲಸ ಇಲ್ಲದೋನಿಗೆ ನೀನು ಒಳ್ಳೆ ಕೆಲಸ ಕೊಟ್ಟಿ. ಪಂಚಮಿಗೆ ಕರೆಯಾಕೆ ಬರ್ತೀನಿ ಅಂದಾಗ ಏನಂದಿ ನೀನು? 'ಬಸ್ಸಿಗೆ ಬರಲ್ಲ, ನಿನ್ನ ಪಾತ್ರೆ ಗಾಡ್ಯಾಗೂ ಬರಲ್ಲ. ಅವರ ಕಾರು ನಡೆದ್ರೆ ಅದ್ರಾಗೆ ಬರ್ತೀನಿ.' ಭಾವ ಹೋಗಿ ಎರಡು ವರ್ಷ ಆತು, ಆ ಮಾರುತಿ ಏಟ್ ಹಂಡ್ರೆಡ್ ಶೆಡ್ಡಿಂದ ಹೊರಗೆ ಬಂದಿಲ್ಲ. ಗಾಲಿ ನೆಲ ಕಚ್ಚಿದಾವೆ, ಇನ್ನದು ಏಳಲ್ಲ ಅಂತ ನಿಂಗೂ ಗೊತ್ತಿತ್ತು. ಬರಲ್ಲ ಅನ್ನಾಕೆ ಮನಸು ಬರದೆ ಹಂಗಂದಿ. ನಾನು ಮಾತು ಕೊಟ್ಟಿದಾಳೆ ಅಂತಲೇ ಇಟ್ಕೊಂಡೀನಿ. ಪಂಚಮಿ ಇಪ್ಪತ್ತೊಂಬತ್ತಕ್ಕೆ. ಅಷ್ಟರಾಗೆ ಗಾಲಿ ಸಿಗಬೇಕು, ನೀನು ಕಾರು ಹತ್ತಬೇಕು. ಇಂಜಿನ್ನಿಂದು ಚಿಂತೆ ಇಲ್ಲ. ನಿಮ್ಮೂರ ಮೆಕ್ಯಾನಿಕ್ಕು ಬ್ಯಾಟ್ರಿ ಹಾಕಿ ಸ್ಟಾರ್ಟ್ ಮಾಡಿದಾಗ ನೀನು ಕೈಯಾಗೆ ಸೌಟು ಹಿಡ್ಕೊಂಡೇ ಓಡಿ ಬಂದ್ಯಲ್ಲ. ನಾನು ಆ ಕಡೆ ಮುಖ ತಿರುಗಿಸ್ಕೊಂಡೆ.

ಈಗ ಗಾಲಿ ಕತೆ ಕೇಳು. ಇಲ್ಲಿ ಬಸ್ ಸ್ಟ್ಯಾಂಡ್ ಹತ್ರ ಪ್ರವೀಣ್ ಕುಮಾರ್ ಅಂತ, ಟೈರ್ ಅಂಗಡಿ. ನಿಮ್ಮಲ್ಲಿ ಬಿಚ್ಚಿಕೊಂಡು ಬಂದ ನಾಕೂ ಅವನ ಮುಂದೆ ಇಳಿಸಿದೆ. ಬಗ್ಗಿ ಮೂಸಿ ನೋಡಿದ. 'ಏನ್ರೀ ಬಸಣ್ಣ, ಗಾಲಿಗೆ ಅಡಿಕೆ ವಾಸನೆ ಬರ್ತೈತೆ?' ಉಗುರಿನಾಗೆ ಕೆರೆದ. 'ಚೊಗರು ಬಳಿದಾರೆ ಕಣ್ರೀ ಇದಕ್ಕೆ! ಯಾರ್ರೀ ಆ ಪುಣ್ಯಾತ್ಮ?' ಅಂಗಡ್ಯಾಗಿದ್ದೋರೆಲ್ಲ ಬಿದ್ದು ಬಿದ್ದು ನಕ್ರು. ನಾನೂ ನಕ್ಕೆ, 'ನಮ್ಮ ಮನೆಯೋರೇ ಕಣಯ್ಯ' ಅಂದೆ.

ಸೀಮಂತ ಮುಗಿಸಿ ಹೋಗುವಾಗ ಪಕ್ಕದ ಮನೆಯಿಂದ ಅಡಿಕೆ ಬೇಸಿದ ಕೆಂಪು ನೀರು, ಒಂದು ಕ್ಯಾನು ಚೊಗರು ಇಸ್ಕೊಂಡಿದ್ದಿ. ನಿಮ್ಮ ಜಗಳೂರಾಗೆ ಇದ್ಯಾಕೆ ಅಂತ ಯಾರೂ ಕೇಳಲಿಲ್ಲ. ಅಪ್ಪ ಸೂಳೆಕೆರೆ ಮೀನು ಹಿಡಿಯೋರಿಗೆ ಚೊಗರು ಕೊಡ್ತಿದ್ದ, ಅದ್ರಾಗೆ ಅದ್ದಿದ ಬಲೆ ವರ್ಷಗಟ್ಟಲೆ ಕೊಳೀತಿರಲಿಲ್ಲ. ಅದನ್ನ ನೆನಪಿಟ್ಕೊಂಡು ಭಾವನ ಗಾಲಿನೂ ಕೊಳೀಬಾರದು ಅಂತ ಬಳಿದಿ, ಅಲ್ವಾ? ಬಲೆಗೆ ಸರಿ ಅಕ್ಕ. ಕಬ್ಬಿಣಕ್ಕೆ ಆಗಿಬರಲ್ಲ. ಶಾಯಿ ಹಂಗೆ ಕರ್ರಗಾಗಿ, ಗಾಲಿ ಡಿಸ್ಕಿನ ಅಂಚೆಲ್ಲ ತಿಂದುಹಾಕೈತೆ. 'ಇದ್ರಾಗೆ ಟೈರು ಕೂರಲ್ಲ, ಗಾಳಿ ನಿಲ್ಲಲ್ಲ' ಅಂದ ಪ್ರವೀಣ. 'ಹನ್ನೆರಡು ಇಂಚಿನ ಟೈರು ನಾನು ಇಡೋದು ಬಿಟ್ಟೀನಿ, ಆದ್ರೆ ದಾವಣಗೆರೆಯಿಂದ ತರಿಸಿಕೊಡ್ತೀನಿ. ಡಿಸ್ಕು ಮಾತ್ರ ನೀವೇ ಹುಡುಕ್ರಿ. ಏಟ್ ಹಂಡ್ರೆಡ್ದು ಆಗ್ಲಿ, ಓಮ್ನಿದು ಆಗ್ಲಿ.'

ಮನೆಗೆ ಬಂದು ಇನ್ನೊಂದು ಸಲ ನೋಡಿದೆ ಅಕ್ಕ. ಆ ಕರೀ ಗಾಲಿ ಮೇಲೆ ನೀನು ಬಟ್ಟೆ ಉಜ್ಜಿದ ಗೆರೆ ಹಂಗೇ ಅದಾವೆ. ಸುತ್ತಲೂ ಒಂದೇ ಸಮ, ಹೊಸ್ತಿಲು ಸಾರಿಸಿದಂಗೆ.

ಅವ್ವ ಕಟ್ಟೆಯಿಂದ ಕೂಗ್ತಾ ಅದಾಳೆ, 'ಯಾರ ಜತೆನೋ ಅಷ್ಟೊತ್ತು?' ಅಂತ. ಲೀಲನ ಜತೆ ಅಂದೆ. 'ಅವಳು ಏನಂತಾಳೆ?' 'ಅವಳು ಮಾತಾಡ್ತಾ ಇಲ್ಲವ್ವ, ನಾನೊಬ್ನೇ.' 'ಹಂಗಾದ್ರೆ ದಿನಾ ಇದ್ದಿದ್ದೇ' ಅಂದ್ಲು. ಇಡ್ತೀನಿ.

ನಿನ್ನ ತಮ್ಮ,
ಬಸು


ನ್ಯಾಮತಿ
೨೦ ಜುಲೈ, ಭಾನುವಾರ

ಅಕ್ಕಾ, ನಿನ್ನ ಉತ್ತರ ಬಂತು. 'ನಿಂಗೆ ಬೇರೆ ಕೆಲಸ ಇಲ್ವೇನೋ, ಗುಜರಿಗೆ ಹಾಕು ಅತ್ಲಾಗೆ.' ಇಷ್ಟೇ. ಇಷ್ಟು ಅನ್ನೋದಕ್ಕೆ ಮೊದಲು ಮೂಗು ಒರೆಸಿದ ಸದ್ದು ಬಂತು. ಶೀತ ಆಗೈತಾ? ಕಷಾಯ ಕುಡಿ.

ಗುಜರಿಗೆ ಹಾಕಲಿಲ್ಲ, ಗುಜರಿಗೆ ಹೋದೆ. ಹೊನ್ನಾಳ್ಯಾಗೆ ಖಲೀಲ್ ಸಾಬ್ರು ಅಂತ. ಹೊಳೆ ತುಂಬಿ ಹರೀತಾ ಐತೆ ಅಕ್ಕ, ಸೇತುವೆ ಮೇಲೆ ಜನ ಗಾಡಿ ನಿಲ್ಲಿಸ್ಕೊಂಡು ನೋಡ್ತಾ ಅದಾರೆ. ಸಾಬ್ರು ಚಾ ಕುಡಿಸಿ, 'ಏಟ್ ಹಂಡ್ರೆಡ್ದಾ? ತಡ ಮಾಡಿ ಬಂದ್ರಿ ಸಾಹುಕಾರ್ರೆ, ಎಲ್ಲಾ ಕರಗ್ಸಾಕೆ ಹೋತು' ಅಂದ್ರು. ಆಮೇಲೆ ಫಳಫಳ ಹೊಳೆಯೋ ನಾಕು ಗಾಲಿ ಎಳೆದು ತಂದ್ರು. 'ಇವು ಹಾಕ್ರಿ, ಕಾರು ಮದುಮಗ ಆಗ್ತೈತೆ.' ಅಳತೆಗೆ ಅಂತ ಹಳೇದೊಂದು ಡಿಸ್ಕು ಒಯ್ದಿದ್ದೆ. ಒಂದರ ಮೇಲೊಂದು ಇಟ್ವಿ. ಬೋಲ್ಟಿನ ತೂತು ಒಂದು ಈ ಕಡೆ ನೋಡಿದ್ರೆ ಇನ್ನೊಂದು ಆ ಕಡೆ ನೋಡ್ತೈತೆ. ಸಾಬ್ರು ಗಡ್ಡ ಕೆರ್ಕೊಂಡ್ರು. 'ನ್ಯಾಮತ್ಯಾಗೆ ಪರಮೇಶ್ ಅಂತ, ಗೋಬಿ ಗಾಡಿ ಇಟ್ಟಾನೆ. ಅದಕ್ಕಿರೋದು ಓಮ್ನಿ ಗಾಲಿ. ನಾನೇ ಕೊಟ್ಟಿದ್ದು. ಹೋಗಿ ನೋಡ್ರಿ, ಬೈದ್ರೆ ನನ್ನ ಹೆಸರು ಹೇಳಬೇಡ್ರಿ.'

ಬಂದೆ. ಗಾಡಿ ಕೆಳಗೆ ಬಗ್ಗಿ ನೋಡ್ತಾ ಇದೀನಿ, ಮೇಲಿಂದ ಹೆಣ್ಣು ದನಿ: 'ಏನು ಕಳಕೊಂಡ್ರಿ ಅಲ್ಲಿ?'

'ಗಾಲಿ ಹುಡುಕ್ತಾ ಇದ್ದೆ ತಾಯಿ.'

'ಅದು ಕಳೆದಿಲ್ಲ. ನಮ್ಮ ಗಾಡಿಗೇ ಐತೆ.'

ಪರಮೇಶನ ಹೆಂಡ್ತಿ, ಸುಧಾ. ಬಾಣಲೆ ಮುಂದೆ ನಿಂತಿದ್ಲು. ಪರಮೇಶ ಈರುಳ್ಳಿ ಹೆಚ್ತಾ ಇದ್ದ. ಗಾಲಿ ಕೊಡ್ತೀರಾ ಅಂದಿದ್ದಕ್ಕೆ ಚಾಕು ಕೆಳಗಿಟ್ಟ. 'ಗಾಲಿ ನಿಮಗೆ ಕೊಟ್ಟು, ರಾತ್ರಿ ಗಾಡಿನ ನಾನು ತಲೆ ಮೇಲೆ ಹೊತ್ಕೊಂಡು ಹೋಗಾನಾ?' ಅದೂ ನ್ಯಾಯವೇ. ನಾನು ಒಂದು ಪ್ಲೇಟು ಗೋಬಿ ಹೇಳಿ ಅಲ್ಲೇ ಕೂತೆ. ಬಾಯಿ ಸುಮ್ನಿರಬೇಕಲ್ಲ ನಂದು? ಕಾರು ಯಾರದು, ಭಾವ ಹೆಂಗಿದ್ರು, ನನ್ನ ಹತ್ರ ಬರೀ ಬೈಕಿದ್ದ ಕಾಲದಾಗೆ ಪ್ರತಿ ಪಂಚಮಿಗೂ ಅವರೇ ನಿನ್ನ ಆ ಕಾರಾಗೆ ಕರ್ಕೊಂಡು ಬಂದು, 'ಬಸು, ನೀನು ಕರ್ದಂಗೆ ಮಾಡು, ನಾನು ಕಳಿಸಿದಂಗೆ ಮಾಡ್ತೀನಿ' ಅಂತಿದ್ದಿದ್ದು, ಎಲ್ಲಾ ಹೇಳಿದೆ. ಸುಧಾ ಬಾಣಲೆಯಿಂದ ಕಣ್ಣೆತ್ತದೇ ಕೇಳಿದ್ಲು.

'ಯಜಮಾನ್ರು ಇಲ್ಲ ಅಂತೀರಿ. ಆದ್ರೂ ಪಂಚಮಿಗೆ ಕರೆಯಾಕೆ ಹೋಗ್ತೀರಾ?'

'ಹೂಂ ಕಣಮ್ಮ. ಅದಕ್ಕೇ ಹೋಗ್ತಿರೋದು.'

ಅವಳು ಜಾಲರಿ ಸೌಟು ಕೊಡವಿದ್ಲು. 'ರೀ, ಬಿಚ್ಚಿ ಕೊಡ್ರಿ.'

'ಏನನ್ನ?'

'ಗಾಲಿ. ಗಾಡಿನ ಸೈಜುಕಲ್ಲಿನ ಮೇಲೆ ನಿಲ್ಲಿಸಾನ. ನಿಂತಲ್ಲೇ ನಿಂತ್ರೆ ಗೋಬಿ ಕಹಿ ಆಗ್ತೈತಾ?'

'ರಾತ್ರಿ ಹಿಂಗೇ ಬಿಟ್ಟು ಹೋಗಾದಾ? ಯಾರಾದ್ರೂ ಒಯ್ದುಬಿಟ್ರೆ?'

'ಹೆಂಗೆ ಒಯ್ತಾರೆ? ಗಾಲಿನೇ ಇಲ್ಲ.'

ಪರಮೇಶ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಮನ್ಯಾಗೆ ನಿರ್ಮಲನ ಮುಂದೆ ನಾನು ನಿಲ್ಲೋ ಮುಖಾನೇ ಅದು. ಎದ್ದು ನಟ್ಟು ಬಿಚ್ಚೋ ಪಾನಾ ತಂದ. ನಮ್ಮ ಪಾತ್ರೆ ತಳ್ಳೋ ಗಾಡಿ ಗಾಲಿ ಬಿಚ್ಚಿ ಈ ವಾರದಾಗೇ ತಂದು ಹಾಕಿಕೊಡ್ತೀನಿ ಅಂದೀನಿ, ಹಾಕ್ತೀನಿ ಕೂಡ. ಹೊರಡುವಾಗ ಸುಧಾ ಕೇಳಿದ್ಲು, 'ಇಷ್ಟೆಲ್ಲಾ ಮಾಡಿ ನಿಮ್ಮಕ್ಕ ಬರಲ್ಲ ಅಂದ್ರೆ?'

'ಗಾಲಿ ವಾಪಸ್ ತಂದುಕೊಡ್ತೀನಿ ತಾಯಿ' ಅಂದೆ.

'ತಂದ್ರೆ ಇಸ್ಕೊಳಲ್ಲ ನಾನು' ಅಂದ್ಲು.

ನಿನ್ನ ತಮ್ಮ,
ಬಸು


ಜಗಳೂರು, ನಿಮ್ಮ ಮನೆ ಮುಂದೆ
೨೭ ಜುಲೈ, ಭಾನುವಾರ ಬೆಳಗ್ಗೆ

ಅಕ್ಕಾ, ನಗಬೇಡ. ನೀನು ಒಳಗೆ, ನಾನು ಬೀದ್ಯಾಗೆ ಕಾರಾಗೆ ಕೂತು ಫೋನಿಗೆ ಮಾತಾಡ್ತಾ ಇದೀನಿ. ಎದುರಿಗೆ ಕೂತ್ರೆ ನಂಗೆ ಹಾಳೂ ಮೂಳೂ ಎಲ್ಲಾ ಬರ್ತೈತೆ, ಹೇಳಬೇಕಾಗಿದ್ದು ಮಾತ್ರ ಬರಲ್ಲ.

ಪ್ರವೀಣ ಹೊಸ ಟೈರು ಹಾಕಿಕೊಟ್ಟ ಗಾಲಿ ಜೋಡಿಸಿ, ನಿನ್ನೆ ಸಂಜೆ ಕಲ್ಲು ತೆಗೆದು ಜಾಕು ಇಳಿಸಿದಾಗ ಕಾರು ಗಾಲಿ ಮೇಲೆ ಮೆತ್ತಗೆ ಕೂತ್ಕೊಂಡಿದ್ದು ನೋಡಿದ್ಯಲ್ಲ. ನೀನು ಕಂಬ ಹಿಡ್ಕೊಂಡು ನಿಂತಿದ್ದಿ. 'ಆ ಹಿಂದಿಂದಕ್ಕೆ ಇನ್ನೊಂಚೂರು ಗಾಳಿ ಬೇಕೇನೋ' ಅಂದಿ, ಅಷ್ಟೆ. ಭಾವ ಅನ್ನೋ ಮಾತು ಅದು. ರಾತ್ರಿ ರೊಟ್ಟಿ ಬಡಿಸಿದಿ, ಬೆಣ್ಣೆ ಹಾಕಿದಿ, ಬರ್ತೀಯಾ ಅಂದ್ರೆ 'ಬೆಳಗ್ಗೆ ನೋಡಾನ ಬಿಡು' ಅಂದಿ.

ಈಗ ಬೆಳಗಾಗೈತೆ. ಎದುರು ಮನೆ ಭೀಮಕ್ಕ ಕಸ ಹೊಡಿಯಾಕೆ ಬಂದು ಕಾರು ನೋಡಿ ಹಂಗೇ ನಿಂತ್ಲು. 'ಮಲ್ಲಿಕಾರ್ಜುನಪ್ಪ ಮೇಷ್ಟ್ರ ಕಾರಲ್ವೇನಪ್ಪ ಇದು? ಎಲ್ಲಿಗೆ?' ಅಂದ್ಲು. ಪಂಚಮಿಗೆ, ಚನ್ನಗಿರಿಗೆ ಅಂದೆ. 'ಕರ್ಕೊಂಡು ಹೋಗು ಮಾರಾಯ. ಒಬ್ಬಳೇ ಗೋಡೆ ಜತೆ ಮಾತಾಡ್ತಾಳೆ.' ನೀನು ನನ್ನ ಜತೆ ಆಡದ ಮಾತೆಲ್ಲ ಗೋಡೆಗೆ ಹೇಳ್ತೀಯಾ?

ಬಲವಂತ ಇಲ್ಲ. ಬರ್ತೀನಿ ಅಂದ್ರೆ ನನ್ನ ಪಾತ್ರೆ ಗಾಡಿ ಇಲ್ಲೇ ಇರ್ಲಿ, ನಿನ್ನ ವಾಪಸ್ ಬಿಡಾಕೆ ಬಂದಾಗ ಒಯ್ತೀನಿ. ಬರಲ್ಲ ಅಂದ್ರೆ ಕಾರು ಶೆಡ್ಡಿಗೆ ಹಾಕಿ, ನನ್ನ ಗಾಡ್ಯಾಗೆ ನಾನು ಹೋಗ್ತೀನಿ. ಸಿಟ್ಟು ಮಾಡ್ಕೊಳಲ್ಲ. ಆ ಬಸವಣ್ಣ ನಿನ್ನ ತಣ್ಣಗಿಟ್ಟಿರ್ಲಿ. ಅವ್ವನ ಆಶೀರ್ವಾದ, ಕೂಸಿನ ಜೊಲ್ಲು, ಎರಡೂ ನನ್ನ ಕೈಯಾಗೆ ಕಳಿಸಿದಾರೆ.

ನಿನ್ನ ತಮ್ಮ,
ಬಸು

ಇನ್ನೊಂದು ಮಾತು. ಮರೆತಿದ್ದಲ್ಲ, ಬಾಯಿ ಬರ್ಲಿಲ್ಲ.

ಸೀಮಂತದ ದಿನ ನಿರ್ಮಲ ಅರಿಶಿನ ಕುಂಕುಮದ ತಟ್ಟೆ ಹಿಡ್ಕೊಂಡು ಸಾಲಾಗಿ ಬರ್ತಾ ಇದ್ಲು. ನಿನ್ನ ಹತ್ರ ಬರೋದ್ರೊಳಗೆ 'ಹಾಲು ಇಟ್ಟಿದ್ದೆ' ಅಂತ ನೀನು ಎದ್ದು ಒಳಗೆ ಹೋದಿ. ತಟ್ಟೆ ಮುಂದಕ್ಕೆ ಹೋತು. ಮಾರನೆ ದಿನ ನೀನು ಊರಿಗೆ ಹೋದಿ. ಯಾಕೆ ಬರ್ತಿಲ್ಲ ಅಂತ ಎಲ್ಲಾರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡಲಿಲ್ಲ.

ನಿನ್ನೆ ಗಾಲಿ ಗಾಡಿಗೆ ಏರಿಸುವಾಗ ಅವ್ವ ಹೇಳಿದ್ಲು. 'ಬಸು, ಅವತ್ತು ಒಲೆ ಮೇಲೆ ಹಾಲು ಇರಲಿಲ್ಲ ಕಣೋ. ನಿಮ್ಮಪ್ಪ ಹೋದಾಗಿಂದ ನಾನೂ ಹಾಲು ಅಂತಲೇ ಎದ್ದು ಹೋಗ್ತೀನಿ. ಒಂದು ದಿನನೂ ಇರಲಿಲ್ಲ ಹಾಲು. ನನ್ನ ಸುಳ್ಳು ನನ್ನ ಮಗಳ ಬಾಯಾಗೆ ಕೇಳ್ದೆ ನಾನು.' ಸೆರಗು ಬಾಯಿಗೆ ಇಟ್ಕೊಂಡ್ಲು. ಆಮೇಲೆ ಅಂದ್ಲು, 'ಕರ್ಕೊಂಡು ಬಾ. ಮಡ್ಲಕ್ಕಿ ನಾನೇ ಹಾಕ್ತೀನಿ. ಅವಳ ಪಕ್ಕದಾಗೆ ಕೂರ್ತೀನಿ, ತಟ್ಟೆ ನಮ್ಮಿಬ್ಬರಿಂದಲೇ ಶುರು ಮಾಡು ಅಂತ ನಿರ್ಮಲಂಗೆ ಹೇಳೀನಿ. ಅವಳ ಕೈ ಹಿಡ್ಕೊಂಡಿರ್ತೀನಿ. ಎದ್ರೆ ಇಬ್ರೂ ಏಳಬೇಕು. ನಂಗೆ ಮಂಡಿ ನೋವು, ನಾನು ಏಳಲ್ಲ.'

ಇಷ್ಟೇ ಅಕ್ಕ. ಕಳಿಸ್ತೀನಿ.

...

ಫೋನಿನಾಗೆ ಮೈಕಿನ ಗುರುತು ನೀಲಿ ಆತು. ಕೇಳ್ದಿ ಹಂಗಾದ್ರೆ. ಏನೂ ಹೇಳಬ್ಯಾಡ ಬಿಡು, ನಾನು ಇಲ್ಲೇ ಕೂತಿರ್ತೀನಿ.

ಬಾಗಿಲು ತೆಗೆದಂಗಾತು. ಏ, ಏ, ಲೀಲಕ್ಕಾ! ಆ ಬ್ಯಾಗು ಇಡು ಕೆಳಗೆ, ಭಾರ ಐತೆ. ಬಂದೆ ನಾನು.