ಶೀಟಿನಲ್ಲಿ ಸರಿದ ತಾರೀಖು

ತಾಯಲೂರು,
ಭಾನುವಾರ ಮಧ್ಯಾಹ್ನ

ಶ್ವೇತಕ್ಕಾ,

ಇಲ್ಲ ಕಣೇ, ನಿನ್ನ ಮೇಲೆ ಅನುಮಾನ ಇಲ್ಲ ಅಂತ ಮೊನ್ನೆ ಫೋನಲ್ಲಿ ಅಂದೆನಲ್ಲ, ಅದು ಸುಳ್ಳು. ಇದೆ. ಮೊದಲು ಹೇಳು, ಕೆಮ್ಮು ಹೋಯ್ತಾ? ತುಮಕೂರಿನ ಹಾಸ್ಟೆಲ್ ಸಾರು ಇನ್ನೂ ನೀರೇನಾ? ಇಲ್ಲಿ ಅಮ್ಮ, ತಾತ ಚೆನ್ನಾಗಿದ್ದಾರೆ. ನನ್ನ ಫೋನನ್ನ ಮನೆಯೋರೆಲ್ಲ ನೋಡ್ತಾರೆ, ಅದಕ್ಕೇ ಚಾಟ್ ಬಿಟ್ಟು ಕಾಗದ.

ನೀನು ಮಾಡಿಕೊಟ್ಟ ಗೂಗಲ್ ಶೀಟಿಗೆ ನಾನು ಎಂಥ ಫ್ಯಾನು ಅಂತ ಗೊತ್ತಲ್ಲ. ರೇಷ್ಮೆ ಹುಳ ಹಣ್ಣಾಗಿ ಗೂಡಿಗೆ ಏರೋ ದಿನ, ಕರೆಂಟ್ ಬಿಲ್ಲು, ನನ್ನ ನರ್ಸಿಂಗ್ ಅರ್ಜಿಯ ಕೊನೇ ದಿನ, ಎಲ್ಲಾ ಅದರಲ್ಲೇ. ಕ್ಲಾಸ್ ಗ್ರೂಪಲ್ಲಿ ಸ್ಕ್ರೀನ್‌ಶಾಟ್ ಹಾಕಿ ‘ನಮ್ಮಕ್ಕ ಮಾಡಿದ್ದು’ ಅಂತ ಮೆರೆದಿದ್ದೀನಿ. ಈಗ ಅದೇ ಶೀಟು ಸುಳ್ಳು ಹೇಳ್ತಿದೆ. ಹುಳ ಗುರುವಾರ ಹಣ್ಣಾಗುತ್ತೆ ಅಂತಿತ್ತು. ಮಂಗಳವಾರವೇ ತಲೆ ಎತ್ತಿಬಿಟ್ಟವು. ಗೂಡು ಕಟ್ಟಿಸೋಕೆ ಬಿದಿರಿನ ಚಂದ್ರಿಕೆ ತಂದೇ ಇರಲಿಲ್ಲ. ಅಮ್ಮ ಓಡಿಹೋಗಿ ಆದಿಲಕ್ಷ್ಮಮ್ಮನ ಮನೆಯಿಂದ ತಂದಳು. ‘ನಿಮ್ಮ ಶೀಟಿಗಿಷ್ಟು ಬೆಂಕಿ ಹಾಕ!’ ಅಂತ ಬೈಗುಳ ಮಾತ್ರ ನನಗೆ.

ಆಮೇಲೆ ನನ್ನ ಅರ್ಜಿ ಸಾಲು ನೋಡಿದೆ. ಬರೋ ಶನಿವಾರ ಇದ್ದದ್ದು ಅದರಾಚೆ ಸೋಮವಾರ ಆಗಿದೆ! ನಿಮ್ಮ ಕಾಲೇಜಿಗೆ ಫೋನ್ ಮಾಡಿದ್ರೆ, ‘ಶನಿವಾರ ಸಂಜೆಗೇ ಮುಗೀತದಮ್ಮ’ ಅಂದ್ರು. ನಂಬಿ ಕೂತಿದ್ರೆ ಇನ್ನೊಂದು ವರ್ಷ ಸೊಪ್ಪು ಕುಯ್ಕೊಂಡಿರಬೇಕಿತ್ತು. ಯಾರು ತಿದ್ದಿದ್ದು ಅಂತ ಹಿಸ್ಟರಿ ತೆಗೆದೆ. ಎಲ್ಲಾ ಕಡೆ ನಿನ್ನ ಹೆಸರು ಕಣೇ! ನಾನು ಅಲ್ಲಿಗೇ ಬರೋದು ನಿನಗಿಷ್ಟ ಇಲ್ವಾ? ಬಾಲ ಬಂತು ಅಂತ ಫ್ರೆಂಡ್ಸ್ ನಗ್ತಾರಾ? ನೇರವಾಗಿ ಹೇಳಬಹುದಿತ್ತು.

ಅಮ್ಮ ಹೇಳಿದಳು ಅಂತ ಬರೀತಿದ್ದೀನಿ, ತಲೆಗೆ ಎಣ್ಣೆ ಹಚ್ಕೋ.

ಇನ್ನೂ ಕೋಪದಲ್ಲಿರೋ ನಿನ್ನ ತಂಗಿ,
ಪವಿತ್ರ

ತಡಿ, ತಡಿ: ಕವರ್ ಅಂಟಿಸೋಕೆ ಅನ್ನದ ಅಗುಳು ತರೋಣ ಅಂತ ಒಳಗೆ ಹೋದೆ. ತಾತ ನಿನ್ನ ಹಳೇ ಫೋನ್ ಹಿಡಿದು ಶೀಟು ಒತ್ತುತ್ತಾ ಕೂತಿದ್ದಾರೆ! ನಿನ್ನ ಲಾಗಿನ್ ಅದರಲ್ಲೇ ಉಳಿದಿದೆ. ‘ಮಂಗಳವಾರಂ ವದ್ದಮ್ಮಾ, ಬೇಡ, ಅಮಾವಾಸ್ಯೆ ಅಂತೂ ಬೇಡವೇ ಬೇಡ. ಒಳ್ಳೇ ದಿನಕ್ಕೆ ಸರಿಸಿದೆ. ಇದನ್ನ ಒತ್ತೋದು ಶ್ವೇತಮ್ಮನೇ ಹೇಳಿಕೊಟ್ಟಿದ್ದು’ ಅಂತಾರೆ. ಹುಳಕ್ಕೆ ಪಂಚಾಂಗ ಓದಕ್ಕೆ ಬರಲ್ಲ ತಾತ ಅಂದೆ. ನನ್ನ ಟಿ.ಸಿ. ಸಿಗೋದೇ ಶನಿವಾರ ಬೆಳಿಗ್ಗೆ, ಅಮಾವಾಸ್ಯೆ ಆದರೂ ಅವತ್ತೇ ಅರ್ಜಿ ಹಾಕ್ತೀನಿ. ಇನ್ನೊಂದು ವಿಷಯ. ‘ಶ್ವೇತ ಊರಿಗೆ ಬರೋದು’ ಅನ್ನೋ ಸಾಲನ್ನ ಮಾತ್ರ ಮುಂದಿನ ತಿಂಗಳಿಂದ ಅದೇ ಶನಿವಾರಕ್ಕೆ ಎಳೆದಿದ್ದಾರೆ. ಇದಕ್ಕೆ ಅಮಾವಾಸ್ಯೆ ದೋಷ ಇಲ್ವಾ ಅಂದ್ರೆ, ‘ಮಗು ಮನೆಗೆ ಬರೋಕೆ ಯಾವ ದಿನ ಕೆಟ್ಟದಮ್ಮಾ’ ಅಂದ್ರು. ಬರ್ತೀಯಾ, ಇಲ್ಲ ನೀನೂ ತಾರೀಖು ತಿದ್ದುತ್ತೀಯಾ?